ಅತ್ತೆಯ ಮುಯ್ಯಿ ಪುಸ್ತಕ

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ನನಗಾಗಿಯೇ ಹುಟ್ಟಿದ್ದಿರಬೇಕು. ನಾನು ಮುಳಬಾಗಿಲಿನ ಬ್ಯಾಂಕೊಂದರಲ್ಲಿ ಕೆಲಸದಲ್ಲಿರುವವಳು. ಸೋದರತ್ತೆಯ ಮಗಳ ಮದುವೆಯಲ್ಲಿ ಊಟದ ಎಲೆ ಮುಂದೆ ಕೂತು, ದೊಡ್ಡಸ್ತಿಕೆಗೆ ಒಂದು ಮಾತು ಆಡಿದೆ. "ಬ್ಯಾಂಕಿಗೆ ದಿನಕ್ಕೆ ಐವತ್ತು ಸಾವಿರದ ಒಳಗೆ ಕಟ್ಟಿದ್ರೆ ಪ್ಯಾನ್ ಕಾರ್ಡ್ ಕೇಳಲ್ಲ ಅತ್ತೆ." ಕಾರ್ಡ್ ಇಲ್ಲದವರು ಅದಕ್ಕಿಂತ ಹೆಚ್ಚು ಕಟ್ಟಿದರೂ ಒಂದು ಫಾರಂ ತುಂಬಿಕೊಟ್ಟರೆ ಸಾಕು ಎಂದು ಹೇಳುವಷ್ಟರಲ್ಲಿ ಹೋಳಿಗೆ ಬಂತು. ಮಾತು ಅರ್ಧಕ್ಕೇ ನಿಂತಿತು.

ಅತ್ತೆಯದು ಆವನಿ ಕಡೆ ಹಿಪ್ಪುನೇರಳೆ ತೋಟ. ಪ್ಯಾನ್ ಕಾರ್ಡ್ ಮಾಡಿಸಿದವಳಲ್ಲ. ಹೇಳಿದ ಮಾತನ್ನು ತಪ್ಪದೆ ಪಾಲಿಸುವ ಹೆಂಗಸು. ಮುಂದಿನ ವಾರ ನಮ್ಮ ಶಾಖೆಗೇ ಬಂದು ಸೋಮವಾರ ನಲವತ್ತೊಂಬತ್ತು ಸಾವಿರ ಕಟ್ಟಿದಳು. ಮಂಗಳವಾರವೂ ಅಷ್ಟೇ, ಬುಧವಾರವೂ ಅಷ್ಟೇ. ಗುರುವಾರ ಬೆಳಿಗ್ಗೆ ನಾನು ಪರಿಶೀಲಿಸಬೇಕಾದ ಅನುಮಾನದ ಖಾತೆಗಳ ಪಟ್ಟಿಯಲ್ಲಿ ಅತ್ತೆಯ ಖಾತೆ ಮೊದಲನೆಯದಾಗಿ ಕೂತಿತ್ತು.

ಹಲವು ದೇಶಗಳು ಸೇರಿ ಕಟ್ಟಿಕೊಂಡ ಸಂಸ್ಥೆಯೊಂದು ಕಳ್ಳಹಣ ತಡೆಯಲು ಮಾನದಂಡಗಳನ್ನು ಮಾಡಿದೆ. ನಮ್ಮ ನಿಯಮಗಳೂ ಅದೇ ಜಾಡಿನವು. ತರಬೇತಿಯಲ್ಲಿ ಕೇಳಿದ್ದರಲ್ಲಿ ನನಗೆ ನೆನಪುಳಿದದ್ದು ಎರಡೇ. ಮಿತಿಯ ಕೆಳಗೆ ಚೂರುಚೂರಾಗಿ ಕಟ್ಟುವವರ ಮೇಲೆ ಕಣ್ಣಿಡಬೇಕು. ಅನುಮಾನ ಬಂದಿದೆಯೆಂದು ಗ್ರಾಹಕರಿಗೆ ಸುಳಿವು ಕೊಡಬಾರದು.

ನೇರ ಮ್ಯಾನೇಜರ್ ಬಳಿ ಹೋಗಿ, ಆಕೆ ನನ್ನ ಅತ್ತೆ, ಬುದ್ಧಿ ಹೇಳಿಕೊಟ್ಟವಳು ನಾನೇ ಎಂದು ಒಪ್ಪಿಕೊಂಡೆ. ಅವರು ಕೇರಳದಿಂದ ಹೊಸದಾಗಿ ಬಂದವರು.

"ನೀವು ಇದನ್ನು ಮುಟ್ಟಬೇಡಿ. ನಾನೇ ಕೇಳ್ತೀನಿ. ಸರಿಯಾದ ಉತ್ತರ ಸಿಗದಿದ್ರೆ ವರದಿ ಮೇಲಕ್ಕೆ ಹೋಗುತ್ತೆ" ಎಂದರು.

ಹೋದರೆ ಅತ್ತೆಯ ಹೆಸರು ಕೆಡುತ್ತದೆ, ನನ್ನ ಕೆಲಸಕ್ಕೂ ಕುತ್ತು. ಅದೇ ಸಂಜೆ ಅತ್ತೆಯ ಫೋನು.

"ನೀನು ಹೇಳ್ದಂಗೇ ಕಟ್ತಾ ಇದೀನಿ ಕಣೇ. ನಾಳೆ ಕೊನೇದು ತರ್ತೀನಿ."

ಬೇಡ ಅತ್ತೆ ಎಂಬ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

"ಬಾ ಅತ್ತೆ" ಎಂದಷ್ಟೇ ಹೇಳಿ ಫೋನಿಟ್ಟೆ.

ಶುಕ್ರವಾರ ಅತ್ತೆ ರೇಷ್ಮೆ ಸೀರೆಯುಟ್ಟು ಬಂದಳು. ಬ್ಯಾಂಕಿನಿಂದ ಹಾಗೇ ಒಂದು ಮದುವೆಗೆ ಹೋಗುವವಳು. ಮ್ಯಾನೇಜರ್ ಒಳಗೆ ಕರೆದು, ಇಷ್ಟು ದುಡ್ಡು ಎಲ್ಲಿಂದ ಬಂತಮ್ಮ ಎಂದು ಕೇಳಿದ್ದು ಹೊರಗಿದ್ದ ನನಗೆ ಕೇಳಿಸಿತು. ಅತ್ತೆ ಚೀಲದಿಂದ ಉದ್ದನೆಯ ಪುಸ್ತಕ ತೆಗೆದಳು. ತಾನು ಹೊರಟ ಮದುವೆಯ ಮನೆಯವರು ತನ್ನ ಮಗಳಿಗೆ ಎಷ್ಟು ಮುಯ್ಯಿ ಹಾಕಿದ್ದರೆಂದು ನೋಡಿಕೊಳ್ಳಲು ತಂದದ್ದು.

"ಮಗಳ ಮದ್ವೇಲಿ ಬಂದ ಮುಯ್ಯಿ ಸಾರ್. ಯಾರ್ಯಾರು ಎಷ್ಟೆಷ್ಟು ಹಾಕಿದ್ರು ಅಂತ ಎಲ್ಲಾ ಬರ್ದೈತೆ. ನಂದಲ್ಲ ಇದು. ಅವ್ರ ಮನೇಲಿ ಮದ್ವೆ ಆದಾಗ ನಾನು ವಾಪಸ್ ಹಾಕ್ಬೇಕು."

ಮ್ಯಾನೇಜರ್ ಒಂದೊಂದೇ ಪುಟ ತಿರುವಿ ಕೂಡಿದರು. ಲೆಕ್ಕ ಸರಿಹೋಯಿತು. ದುಡ್ಡು ಯಾರದೆಂದು ಮುಚ್ಚಿಡುವುದೇ ಕಳ್ಳಹಣದ ಕಸುಬು. ಅತ್ತೆಯ ಪುಸ್ತಕದಲ್ಲಿ ನೂರು ರೂಪಾಯಿ ಹಾಕಿದವರಿಗೂ ಊರು, ಹೆಸರು ಇತ್ತು. ವರದಿ ಹೋಗಲಿಲ್ಲ. ಇನ್ನು ಮುಂದೆ ಚೂರು ಮಾಡದೆ ಒಟ್ಟಿಗೇ ಕಟ್ಟಿ, ಒಂದು ಫಾರಂ ಕೊಟ್ಟರಾಯಿತು ಎಂದು ಅವರು ಅತ್ತೆಗೆ ತಿಳಿಸಿದರು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಅಳು ಬರುವಷ್ಟು ಮನಸ್ಸು ಹಗುರಾಯಿತು.

ಅತ್ತೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ನಿನ್ನೆ ಫೋನಲ್ಲಿ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ಕೆಲಸ ಇತ್ತು ಅತ್ತೆ."

ಆಕೆ ಪುಸ್ತಕವನ್ನು ಚೀಲಕ್ಕೆ ಸೇರಿಸಿದಳು.

"ಸರಿ ಬಿಡು. ಆ ಬೀಗ ನೀನು ಮದ್ವೆ ಊಟದಾಗೇ ಹಾಕ್ಬೇಕಿತ್ತು ಕಣೇ" ಎಂದು ಹೇಳಿ, ಮುಯ್ಯಿ ಹಾಕಲು ಚೌಲ್ಟ್ರಿ ಕಡೆ ನಡೆದಳು.