ಇಟ್ಟಿಗೆ ಮೊದಲು ನಿಮ್ಮ ತೊಡೆಯ ಮೇಲೆ

ಮುನಿಲಕ್ಷ್ಮಮ್ಮ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣ ಚಿಕ್ಕಮುನಿಯಪ್ಪನವರ ಹೆಂಡತಿ; ನಾನು ಅಕ್ಕ ಅನ್ನುತ್ತೇನೆ. ದೊಡ್ಡನೆಕ್ಕುಂದಿಯ ನಮ್ಮ ಬೀದಿಯಲ್ಲಿ ಅವಳ ಹೆಸರೆತ್ತಿದರೆ ಜನ ಮೊದಲು ಮಾತಾಡುವುದು ಅವಳ ಬಾಯಿಯ ಬಗ್ಗೆ. ಗಯ್ಯಾಳಿ ಅನ್ನುತ್ತಾರೆ. ಅನ್ನಲಿ ಬಿಡಿ. ಆ ಬಾಯಿ ಇಲ್ಲದಿದ್ದರೆ ನಮ್ಮ ಭಾವ ಇಷ್ಟು ಹೊತ್ತಿಗೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿರುತ್ತಿದ್ದರು. ಈಗ ವೀಲ್‌ಚೇರಿನಲ್ಲಿ ಬೀದಿ ತುದಿಯ ಟೀ ಅಂಗಡಿಗೆ ಹೋಗಿ, ಸಕ್ಕರೆ ಕಮ್ಮಿ ಅಂತ ಜಗಳ ಆಡಿ ಬರುತ್ತಾರೆ.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಭಾವ ಒಂದು ಕಾರ್ಖಾನೆಯ ಶೆಡ್ಡಿಗೆ ಶೀಟು ಹೊದಿಸುತ್ತಿದ್ದರು. ಕಾಲಿಟ್ಟ ಶೀಟು ಮುರಿದು ಕೆಳಗೆ ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಕಾಲು ಅಲುಗುವುದಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ "ಚೆನ್ನಾಗಿ ನೋಡ್ಕೊಳ್ಳಿ" ಅಂದರು. ಹೇಗೆ ನೋಡಿಕೊಳ್ಳಬೇಕು ಎಂದು ಹೇಳುವುದಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಆಮೇಲೆ ಶುರುವಾಯಿತು ನೋಡಲು ಬರುವವರ ಸಾಲು. ಕೈಯಲ್ಲಿ ಬ್ರೆಡ್ಡು, ಕಣ್ಣಲ್ಲಿ ನೀರು. ಭಾವನ ಮಂಚದ ಪಕ್ಕದಲ್ಲೇ ಕೂತು, ಅವರಿಗೆ ಕಿವಿಯೂ ಕೆಟ್ಟಿದೆ ಎನ್ನುವ ಹಾಗೆ, "ಇನ್ನೆಷ್ಟು ದಿನ ಅಂತೆ ಕಣಮ್ಮ?" ಎಂದು ಅಕ್ಕನನ್ನು ಕೇಳುತ್ತಿದ್ದರು. ಒಂದು ದಿನ ಅಕ್ಕ ತಡೆಯಲಿಲ್ಲ. "ನಿಮ್ದು ಎಷ್ಟು ದಿನ ಅಂತ ಕೇಳ್ಕೊಂಡ್ ಬಂದಿದೀರಾ?" ಅಂದಳು. ಬಂದವರು ಬ್ರೆಡ್ಡು ಇಟ್ಟು ಎದ್ದರು. ಗಯ್ಯಾಳಿ ಎಂಬ ಹೆಸರು ಅವಳಿಗೆ ಬಂದದ್ದು ಆ ದಿನ. ಭಾವ ಗೋಡೆಯ ಕಡೆ ಮುಖ ಮಾಡಿಕೊಂಡು ನಕ್ಕಿದ್ದನ್ನು ನಾನೊಬ್ಬಳೇ ನೋಡಿದೆ.

ಆದರೆ ಮನೆಯೊಳಗಿನ ಪ್ರೀತಿಯನ್ನು ಹೊರಗಟ್ಟುವುದು ಅಷ್ಟು ಸುಲಭವಲ್ಲ. ನಮ್ಮ ಅತ್ತೆಗೆ ಮಗ ಎಂದರೆ ಜೀವ. ನಮ್ಮ ಕಡೆ ಮೈಕೈ ನೋವಿಗೆಲ್ಲ ಶಾಖವೇ ಮದ್ದು: ಬಾಣಂತಿಗೆ ಶಾಖ, ಉಳುಕಿಗೆ ಶಾಖ, ಮಗುವಿನ ಶೀತಕ್ಕೆ ಶಾಖ. ಅತ್ತೆ ಉಪ್ಪನ್ನು ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಮಗನ ಹಿಮ್ಮಡಿಗೆ ಒತ್ತಿದರು. ಭಾವ ತಮ್ಮ ಅವ್ವನ ಜೊತೆ ಕ್ರಿಕೆಟ್ ಮಾತಾಡುತ್ತಾ ಮಲಗಿದ್ದರು. ಸಂಜೆ ಅಕ್ಕ ನೋಡಿದಾಗ ಹಿಮ್ಮಡಿಯಲ್ಲಿ ನೀರು ತುಂಬಿದ ದೊಡ್ಡ ಗುಳ್ಳೆ.

"ನೋಡೇ, ಒಳಗಿದ್ದ ಶೀತ ನೀರಾಗಿ ಈಚೆಗೆ ಬಂತು!" ಅಂತ ಅತ್ತೆಗೆ ಖುಷಿಯೋ ಖುಷಿ. ಆ ಗುಳ್ಳೆ ಒಡೆದು, ಕೀವಾಗಿ, ಗಾಯ ಮಾಯುವಷ್ಟರಲ್ಲಿ ಚಳಿಗಾಲವೇ ಮುಗಿಯಿತು. ಅತ್ತೆಯ ನಂಬಿಕೆ ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಶಾಖ ಕೊಟ್ಟರೆ ಇನ್ನೂ ಶೀತ ಈಚೆಗೆ ಬರುತ್ತದೆ, ಮಗ ಎದ್ದು ನಡೆಯುತ್ತಾನೆ ಎಂದು ಅವರ ಲೆಕ್ಕ.

ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದ ನರ್ಸಮ್ಮ ಒಂದು ದಿನ, ಬೆನ್ನುಹುರಿಗೆ ಪೆಟ್ಟಾದವರ ಮನೆಯವರಿಗೆಂದೇ ಇಂಟರ್‌ನೆಟ್ಟಿನಲ್ಲಿ ಪಾಠಗಳಿವೆ ಎಂದು ಹೇಳಿದಳು. ಇಂಗ್ಲಿಷಿನಲ್ಲಿದ್ದವು. ನಾನು ಆಗ ಇಂದಿರಾನಗರದ ಒಂದು ಆಫೀಸಿನಲ್ಲಿ ರಿಸೆಪ್ಷನಿಸ್ಟ್, ಓದಿ ಹೇಳುವಷ್ಟು ಇಂಗ್ಲಿಷ್ ಬರುತ್ತಿತ್ತು. ಭಾನುವಾರ ಭಾವನನ್ನು ನನ್ನ ಗಂಡನ ಕೈಗೆ ಒಪ್ಪಿಸಿ ಇಬ್ಬರೂ ಟಿನ್ ಫ್ಯಾಕ್ಟರಿ ಸ್ಟಾಪಿಗೆ ಬಸ್ಸು ಹತ್ತಿದೆವು.

ಅಲ್ಲಿ ಅನೀಸ್ ಎಂಬುವವನ ಸೈಬರ್ ಕೆಫೆ ಇತ್ತು. ಅಕ್ಕ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. "ಹಾಕ್ಕೊಂಡೇ ಬನ್ನಿ ಅಮ್ಮಾ, ಇದು ಗುಡಿನೂ ಅಲ್ಲ, ಮಸೀದಿನೂ ಅಲ್ಲ" ಅಂದ ಅನೀಸ್. "ಪಾಠ ಹೇಳೋ ಜಾಗ ಅಲ್ವೇನಪ್ಪಾ" ಅಂತ ಅವಳು ಬರಿಗಾಲಲ್ಲೇ ಒಳಗೆ ಹೋದಳು. ಪರದೆ ಎಳೆದ ಕ್ಯಾಬಿನ್ನಿನಲ್ಲಿ ಒಂದೇ ಕುರ್ಚಿ. ಇಬ್ಬರೂ ಅರ್ಧರ್ಧ ಕೂತೆವು.

ಆಮೇಲೆ ಪ್ರತಿ ಭಾನುವಾರ ಹೋಗತೊಡಗಿದೆವು. ವಿಡಿಯೋ ಸ್ವಲ್ಪ ಓಡಿ ನಿಂತುಬಿಡುತ್ತಿತ್ತು. ಮಲಗಿದವರನ್ನು ಮಗ್ಗುಲು ತಿರುಗಿಸುವ ನರ್ಸಿನ ಕೈ ಅರ್ಧ ದಾರಿಯಲ್ಲಿ ಗಾಳಿಯಲ್ಲೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆಳಿಗ್ಗೆ ಸಂಜೆ ಕನ್ನಡಿ ಹಿಡಿದು ಚರ್ಮ ನೋಡಬೇಕು ಎಂದೆಲ್ಲ ನಾನು ಓದಿ ಹೇಳುತ್ತಿದ್ದೆ. ಪ್ರತಿ ಪಾಠದ ಕೊನೆಗೂ ಪ್ರಶ್ನೆಗಳು. ಉತ್ತರ ಸರಿಯಿಲ್ಲದಿದ್ದರೆ ಮುಂದಿನ ಪಾಠ ತೆರೆಯುತ್ತಿರಲಿಲ್ಲ. ಅಕ್ಕನಿಗೂ ಕಂಪ್ಯೂಟರಿಗೂ ಜಗಳವೋ ಜಗಳ. "ನೋಡಿಕೊಳ್ಳುವವರು ಆಗಾಗ ರಜೆ ತೆಗೆದುಕೊಂಡು ಪ್ರವಾಸ ಹೋಗಬೇಕು" ಎಂಬ ಪಾಠ ಬಂದಾಗ ಅವಳು ಪರದೆಯಾಚೆಗೂ ಕೇಳುವ ಹಾಗೆ, "ಇದನ್ನ ಬರೆದೋರ ಮನೇಲಿ ಅತ್ತೆ ಇಲ್ವಾ?" ಅಂದಳು. ಪಕ್ಕದ ಕ್ಯಾಬಿನ್ನಿನಲ್ಲಿ ಯಾರೋ ಜೋರಾಗಿ ನಕ್ಕರು.

ಶಾಖದ ಪಾಠ ಬಂದ ದಿನ ಮಾತ್ರ ಅವಳು ಜಗಳ ಆಡಲಿಲ್ಲ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಹೇಳುವುದಿಲ್ಲ, ಯಾವ ಬಿಸಿಯನ್ನೂ ಅಲ್ಲಿಗೆ ಒತ್ತಬಾರದು, ಸ್ನಾನದ ನೀರನ್ನು ಕೂಡ ಮೊದಲು ನಿಮ್ಮ ಮೊಣಕೈಯಿಂದ ಮುಟ್ಟಿ ನೋಡಿ ಎಂದಿತ್ತು. ಸುಟ್ಟ ಹಿಮ್ಮಡಿಯ ಒಂದು ಚಿತ್ರವೂ ಇತ್ತು. "ಇನ್ನೊಂದ್ಸಲ ಓದು" ಅಂದಳು. ಓದಿದೆ. ಅವಳ ಕಣ್ಣು ತುಂಬಿತ್ತು.

ಸಂಜೆ ಮನೆಗೆ ಬಂದರೆ ಅಂಗಳದಲ್ಲಿ ಸೌದೆ ಒಲೆ ಉರಿಯುತ್ತಿದೆ. ಒಲೆಯಲ್ಲಿ ಇಟ್ಟಿಗೆಗಳು ಕಾಯುತ್ತಿವೆ. ಹೊಸಕೋಟೆಯಾಚೆಯಿಂದ ಹುಸೇನಪ್ಪ ಎಂಬ ನಾಟಿ ವೈದ್ಯನನ್ನು ಅತ್ತೆ ಕರೆಸಿದ್ದರು. ನನ್ನ ಗಂಡ ಮೂಲೆಯಲ್ಲಿ ಕೈಕಟ್ಟಿಕೊಂಡು ನಿಂತಿದ್ದ. ಅವ್ವನ ಮುಂದೆ ಅವನ ಬಾಯಿ ಯಾವತ್ತೂ ಬೀಗ. ಭಾವನನ್ನು ಮಂಚ ಸಮೇತ ಜಗಲಿಗೆ ತಂದಿದ್ದರು, ಸುತ್ತ ಬೀದಿಯವರೆಲ್ಲ. ಹುಸೇನಪ್ಪ ಒಂದು ಇಟ್ಟಿಗೆಯನ್ನು ಗೋಣಿ ತಟ್ಟಿನಲ್ಲಿ ಸುತ್ತುತ್ತಿದ್ದ.

"ಎಷ್ಟೊತ್ತು ಇಡ್ತೀರಾ ಅದನ್ನ?" ಎಂದಳು ಅಕ್ಕ.

"ಒಂದು ಬೀಡಿ ಸೇದೋವಷ್ಟು ಹೊತ್ತಮ್ಮ. ನರ ಎಲ್ಲ ಬಿಟ್ಕೊಳ್ತವೆ."

"ಹಂಗಾದ್ರೆ ಬೀಡಿ ಹಚ್ಚಿ. ಇಟ್ಟಿಗೆ ಮೊದ್ಲು ನಿಮ್ಮ ತೊಡೆ ಮೇಲೆ ಇಟ್ಕೊಂಡು ಸೇದಿ."

"ನನ್ ಕಾಲು ಚೆನ್ನಾಗೈತೆ ಕಣಮ್ಮ!"

"ಅದಕ್ಕೇ ಹೇಳಿದ್ದು. ಚೆನ್ನಾಗಿರೋ ಕಾಲು ಸುಟ್ರೆ ಕೂಗ್ಕೊಳ್ತೀರ. ಇವರಿಗೆ ಕೂಗೋಕೂ ಗೊತ್ತಾಗಲ್ಲ. ಹಚ್ಚಿ ಬೀಡಿ."

ಯಾರೋ ಕಿಸಕ್ಕನೆ ನಕ್ಕರು. ಹುಸೇನಪ್ಪ ಇಟ್ಟಿಗೆ ಕೆಳಗಿಟ್ಟ. ಅತ್ತೆ ಮಾತ್ರ ಉರಿದುಬಿದ್ದರು. "ನನ್ ಮಗನ್ನ ನಡೆಸೋಕೆ ಬಂದೋರ್ನ ಓಡಿಸ್ತೀಯಾ? ನಾನು ಹೆತ್ತೋಳು ಕಣೇ! ಇವನ ವಿಚಾರ ಹೇಳೋಕೆ ನೀನ್ಯಾರು?"

ಅಕ್ಕ ತಿರುಗಿ ಕೂಗುತ್ತಾಳೆ ಎಂದುಕೊಂಡೆ. ಅವಳು ಧ್ವನಿ ತಗ್ಗಿಸಿದಳು. "ನಾನೂ ಅಲ್ಲ, ನೀವೂ ಅಲ್ಲ ಅತ್ತೆ. ಅವರನ್ನ ಕೇಳಿ."

ಎಲ್ಲರೂ ಮಂಚದ ಕಡೆ ತಿರುಗಿದರು. ಬಿದ್ದಾಗಿನಿಂದ ಭಾವನನ್ನು ಯಾರೂ ಏನೂ ಕೇಳಿರಲಿಲ್ಲ, ಊಟ ಆಯ್ತಾ ಅನ್ನುವುದನ್ನು ಬಿಟ್ಟು. ಅವರು ಮೊಣಕೈ ಊರಿ ತಲೆ ಎತ್ತಿದರು.

"ಅವ್ವಾ, ನನ್ ಕಾಲು ನಂಗೆ ಗೊತ್ತಾಗಲ್ಲ. ಅವಳಿಗೆ ಗೊತ್ತಾಗುತ್ತೆ. ಇಟ್ಟಿಗೆ ಬೇಡ."

ಅತ್ತೆ ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಹುಸೇನಪ್ಪ ಕಾಫಿ ಕುಡಿದು ಹೊರಟ. ಆ ಒಲೆಯ ಕೆಂಡದಲ್ಲೇ ಅಕ್ಕ ಸ್ನಾನದ ನೀರು ಕಾಯಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದಳು.

ಅತ್ತೆ ವಾರವಿಡೀ ಅವಳ ಜೊತೆ ಮಾತು ಬಿಟ್ಟಿದ್ದರು. ಭಾನುವಾರ ನಾವು ಹೊರಡುವಾಗ ನೋಡಿದರೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾರೆ. "ಆ ಮಿಷನ್ನು ಏನು ಹೇಳುತ್ತೋ ನಾನೇ ಕೇಳ್ತೀನಿ." ನನ್ನ ಗಂಡನಿಗೆ ಇಟ್ಟಿಗೆ ಮುಟ್ಟಬೇಡ ಎಂದು ಎಚ್ಚರಿಕೆ ಕೊಟ್ಟು ಮೂವರೂ ಹೋದೆವು. ಅನೀಸ್ ಇನ್ನೊಂದು ಕುರ್ಚಿ ತಂದುಕೊಟ್ಟ. ಅತ್ತೆ ಕಂಪ್ಯೂಟರಿಗೆ ಮುಖ ಕೊಟ್ಟು ಕೂತು, "ನನ್ ಮಗ ನಡೀತಾನಾ, ಕೇಳು" ಅಂದರು.

ಅದಕ್ಕೂ ಒಂದು ಪಾಠವಿತ್ತು. ನಾನು ಓದಿ ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ತೋಳು ಹಿಡಿದು, "ಸುಳ್ಳು ಹೇಳ್ಬೇಡ" ಅಂದಳು.

"ಇಷ್ಟು ಪೆಟ್ಟಾದೋರು ಸಾಮಾನ್ಯವಾಗಿ ನಡೆಯಲ್ವಂತೆ ಅತ್ತೆ. ಆದ್ರೆ ಚೆನ್ನಾಗಿ ನೋಡ್ಕೊಂಡ್ರೆ ತುಂಬಾ ವರ್ಷ ಬದುಕ್ತಾರಂತೆ, ಕೆಲಸನೂ ಮಾಡ್ತಾರಂತೆ."

ಅತ್ತೆ ಅತ್ತರು. ಅಲ್ಲಿ, ಆ ಕ್ಯಾಬಿನ್ನಿನಲ್ಲಿ, ಸೆರಗು ಬಾಯಿಗೆ ತುರುಕಿಕೊಂಡು. ಅಕ್ಕ ಅವರ ಬೆನ್ನ ಮೇಲೆ ಕೈ ಇಟ್ಟಳು. ಅತ್ತೆ ಆ ಕೈಯನ್ನು ಕೊಡವಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, ಕಂಪ್ಯೂಟರನ್ನು ದುರುಗುಟ್ಟಿ ನೋಡಿದರು.

"ನಡೀದಿದ್ರೆ ಬಿಡು. ನನ್ ಮಗ ಮಲಗೇ ಇರೋನಲ್ಲ. ಮುಂದಿನ ಪಾಠ ಓದು."

ಮುಂದಿನ ಪಾಠ ಮಂಚದಿಂದ ವೀಲ್‌ಚೇರಿಗೆ ಕೂರಿಸುವುದರ ಬಗ್ಗೆ ಇತ್ತು.