ಎದುರು ಮಗ್ಗದ ಆಟ

ಗಜೇಂದ್ರಗಡದ ಗುಡ್ಡದ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಫಕೀರವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಲಾಳಿ ಅತ್ತಿಂದಿತ್ತ ಓಡತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಕೈ ತಡೆದು, ಎದುರಿನ ಖಾಲಿ ಮಗ್ಗದತ್ತ ನೋಡಿ ಮೆಲ್ಲಗೆ ಹೇಳುತ್ತಾರೆ:

"ರಾಜನ ಮಗ್ಗಲದ ಒಂಟಿ ಮುಂದಿನ ಪ್ಯಾದಿ, ಎರಡ ಮನಿ. ತಗೋರಿ, ಪುಕ್ಕಟಿ ಐತಿ."

ಇದು ಚದುರಂಗ. ಹಾಸು ಇಲ್ಲ, ಕಾಯಿ ಇಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ನೇಯುವಾಗ ತೂಕಡಿಕೆ ಬಾರದಿರಲೆಂದು ಗಂಡ ಮಹಾದೇವಪ್ಪ ಕಲಿಸಿದ್ದು. ಕೈ ಸೀರೆಯಲ್ಲಿ, ಆಟ ತಲೆಯಲ್ಲಿ. ತಮ್ಮ ನಡೆ ನಿಶ್ಚಯವಾದಾಗ ಮಹಾದೇವಪ್ಪ ಮಗ್ಗದ ಹಲಗೆಯನ್ನು ಒಮ್ಮೆ ಬಡಿದು ಕೂಗಿ ಹೇಳುತ್ತಿದ್ದರು. ಫಕೀರವ್ವನದು ಒಂದೇ ಪಟ್ಟು: ರಾಜನ ಮಗ್ಗುಲಿನ ಒಂಟೆಯ ಮುಂದಿನ ಪ್ಯಾದೆಯನ್ನು ಬಲಿಕೊಟ್ಟು ಏರಿ ಹೋಗುವುದು. ನೂಲು ತರುವ ಕಾಶೀಂಸಾಬರಿಗೆ ಅದು ನಗೆಯ ಮಾತು. "ಸೀರ್ಯಾಗ ಒಂದ ಎಳಿ ಬಿಟ್ಟುಕೊಡಂಗಿಲ್ಲ ನೀ. ರಾಜನ ಬಾಗಲಾ ಮಾತ್ರ ಪೂರಾ ತಗದ ಇಡ್ತಿ."

ಮಹಾದೇವಪ್ಪ ಆ ಪ್ಯಾದೆಯನ್ನು ಎಂದೂ ಹೊಡೆದವರಲ್ಲ. ದುಡಿಯದೆ ಬಂದದ್ದು ದಕ್ಕುವುದಿಲ್ಲ ಎನ್ನುತ್ತಿದ್ದರು. ಹೋದ ಶ್ರಾವಣದಲ್ಲಿ ಮಗ್ಗದ ಮೇಲೆಯೇ ಶಿವನ ಪಾದ ಸೇರಿದರು. ಸೀರೆ ಅರ್ಧಕ್ಕೆ ನಿಂತಿದೆ. ತೀರಿಹೋದವರ ಅರ್ಧ ಸೀರೆಯನ್ನು ಮನೆಯವರ ಕೈಯೇ ಮುಗಿಸಬೇಕು. ಅಲ್ಲಿಯವರೆಗೆ ಮಗ್ಗದ ಹಾಸುನೂಲಿಗೆ ಕತ್ತರಿ ಹಾಕುವಂತಿಲ್ಲ. ಇದು ಈ ಮನೆಗಳ ಕಟ್ಟಳೆ.

ಮೊದಲು ಹೇಳಿದ ನಸುಕು ದಿನಕರ್ಮ ಮುಗಿದ ಮರುದಿನದ್ದು. ಫಕೀರವ್ವ ರೂಢಿಯಂತೆ ಪ್ಯಾದೆ ಮುಂದಿಟ್ಟರು. ಎದುರಿನಿಂದ ಉತ್ತರ ಬಂತು. ಪ್ಯಾದೆಯನ್ನು ಹೊಡೆದ ಉತ್ತರ.

"ದನಿ ಅಲ್ರಿ ಅದು. ನನ್ನ ಮಗ್ಗ ನಿಂತಾಗ ತಿಳೀತೈತಿ, ಅಷ್ಟ" ಎನ್ನುತ್ತಾರೆ ಫಕೀರವ್ವ.

ಕಾಶೀಂಸಾಬರು ಆ ನಡೆಗಳನ್ನು ತಮ್ಮ ಅಂಗಡಿಯ ಚದುರಂಗದ ಹಾಸಿನ ಮೇಲೆ ಹೂಡಿ ನೋಡಿದರು. ಆಮೇಲೆ ಬಂದು ಫಕೀರವ್ವನಿಗೆ ಹೇಳಿದರು:

"ಪ್ಯಾದಿ ತಿಂದು, ವಜೀರನ್ನ ತಂದು ರಾಜಗ ಶಹಾ ಕೊಟ್ಟಾನ. ಇದು ಮಹಾದೇವಪ್ಪನ ಕೈ ಅಲ್ಲಬೇ."

"ಮತ್ಯಾರದು?"

"ನನ್ನ ಕೇಳಬ್ಯಾಡ. ನಾ ನೂಲ ಮಾರಾಂವ."

ದುಃಖದ ಮನಸ್ಸಿನ ಭ್ರಮೆ ಎಂದುಬಿಡಬಹುದಿತ್ತು. ಆದರೆ ಸೊಸೆ ಸುಧಾರಾಣಿ ಹೇಳುವುದೇ ಬೇರೆ. "ಅತ್ತಿ ಒಳಗ ರೊಟ್ಟಿ ಬಡೀತಿದ್ರು. ಪಡಸಾಲ್ಯಾಗ ನಾ ಒಬ್ಬಾಕಿ. ಮಾವನ ಮಗ್ಗದ ಹಲಗಿ ಒಮ್ಮೆ ಬಡೀತ್ರಿ. ಒಮ್ಮೆ ಅಷ್ಟ."

ಅರ್ಧ ಸೀರೆ ಮುಗಿಸಬೇಕಾದವಳು ಈ ಸುಧಾರಾಣಿಯೇ. ಆಕೆ ಸಿದ್ಧಳಿದ್ದಾಳೆ. ಫಕೀರವ್ವ ಬಿಡುತ್ತಿಲ್ಲ. ಎದುರು ಕುಳಿತವರು ಯಾರೆಂದು ತಿಳಿಯದೆ ಆ ಕುಣಿಯೊಳಗೆ ಹುಡುಗಿಯ ಕಾಲು ಇಳಿಯಕೂಡದು ಎಂಬುದು ಅವರ ಹಟ. ಇಟಗಿಯ ಭೀಮಾಂಬಿಕೆಗೆ ಹರಕೆ ಹೊತ್ತಿದ್ದಾರೆ. ಎರಡು ದಿನಕ್ಕೊಂದು ಸೀರೆ ಇಳಿಸುತ್ತಲೇ, ದಿನಕ್ಕೊಂದೇ ನಡೆಯಂತೆ ಆಟ ಮುಂದುವರಿಸಿದ್ದಾರೆ. ಫಕೀರವ್ವನ ರಾಜ ಈಗ ಮನೆ ಬಿಟ್ಟು ಬಯಲಿಗೆ ಬಂದಿದ್ದಾನೆ.

ಗೆಲ್ಲುವ ಆಸೆ ಇದೆಯೇ ಎಂದರೆ, ಫಕೀರವ್ವ ಹರಿದ ಎಳೆಗೆ ಗಂಟು ಹಾಕುತ್ತ, ತಲೆಯೆತ್ತದೆ ಹೇಳುತ್ತಾರೆ: "ನಮ್ಮ ಮನಿಯವರ ಆಗಿದ್ರ ನಾ ಸೋಲ್ತೀನ್ರಿ, ಸಂತೋಷದ್ಲೆ. ಅವರಲ್ಲಂದ್ರ ಮಾತ್ರ ನಾ ಸೋಲಂಗಿಲ್ಲ."