ನೆಲದಲ್ಲಿದ್ದರೆ ಭದ್ರ

ನಾರ್ಮನ್ ಗಾರ್ಟನ್‌ಗೆ ಬ್ಯಾಂಕಿನ ಮೇಲೆ ನಂಬಿಕೆಯಿರಲಿಲ್ಲ, ಬೀಗದ ಮೇಲೂ ಇರಲಿಲ್ಲ. ನೆಲದ ಮೇಲೆ ಮಾತ್ರ ಇತ್ತು. ಹಲ್ ಪಟ್ಟಣದಿಂದ ಕಡಲತೀರದ ಊರುಗಳಿಗೆ ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ ಅವನು. ರಜೆ ಸಿಕ್ಕಿತೆಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನೆಲದಡಿಯ ಲೋಹ ಪತ್ತೆಮಾಡುವ ಡಿಟೆಕ್ಟರಿನ ತಟ್ಟೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ ತನ್ನೂರು ಕಿಲ್‌ಥಾರ್ಪಿನ ದಂಡೆಯ ಮರಳಿನ ಮೇಲೆ ನಡೆಯುತ್ತಿದ್ದ. ಸಾವಿರದ ಎಂಟುನೂರು ವರ್ಷ ಮಣ್ಣಿನಲ್ಲಿ ಬಿದ್ದಿದ್ದ ರೋಮನ್ ಬೆಳ್ಳಿ ನಾಣ್ಯ ಇವನ ಕೈಗೆ ಬಂದಾಗ ಅದರ ಮೇಲಿನ ದೊರೆಯ ಗಡ್ಡದ ಎಳೆಗಳು ಹಾಗೇ ಇದ್ದವು. ಯಾವ ತಿಜೋರಿ ಅಷ್ಟು ಚೆನ್ನಾಗಿ ಕಾಯುತ್ತದೆ, ನೀವೇ ಹೇಳಿ.

ಹಾಗಾಗಿ ನೆಲದಿಂದ ತೆಗೆದದ್ದನ್ನು ಅವನು ನೆಲದಲ್ಲೇ ಇಡುತ್ತಿದ್ದ. ನಲವತ್ತು ವರ್ಷಗಳಲ್ಲಿ ಸಿಕ್ಕಿದ್ದ ಇನ್ನೂರ ಹನ್ನೆರಡು ನಾಣ್ಯ, ಅಂಗಿಗುಂಡಿ, ಸೀಸದ ಬಿಲ್ಲೆಗಳನ್ನು ತೊಳೆದು, ತೆಳ್ಳಗೆ ಮೇಣ ಹಚ್ಚಿ, ಕಾಗದದಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಕ್ಕೆ ತುಂಬಿದ್ದ. ಡಬ್ಬವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಹಿತ್ತಲಿನಲ್ಲಿ ಜಾಮಿಗೆಂದು ಬೆಳೆಸುವ ಹುಳಿದಂಟಿನ ರೂಬಾರ್ಬ್ ಗಿಡದ ಪಕ್ಕ ಹದಿನೆಂಟು ಇಂಚು ಆಳಕ್ಕೆ ಹೂತಿದ್ದ. ಹೆಂಡತಿ ಬೆರಿಲ್‌ಗೆ ಮಾತ್ರ ಎಲ್ಲವೂ ಬ್ಯಾಂಕಿನಲ್ಲಿದೆ ಎಂದು ಹೇಳಿದ್ದ.

ತೊಡಕು ಒಂದೇ. ಕಿಲ್‌ಥಾರ್ಪಿನಲ್ಲಿ ನೆಲವೆನ್ನುವುದು ನಿಂತ ಕಡೆ ನಿಲ್ಲುವುದಿಲ್ಲ. ಸಮುದ್ರದ ಕಡೆಯ ಮಣ್ಣಿನ ದರೆ ವರ್ಷಕ್ಕೆ ಎರಡು ಹೆಜ್ಜೆಯಂತೆ ಕುಸಿಯುತ್ತದೆ. ಹಳೆಯ ಚರ್ಚು ಯಾವತ್ತೋ ನೀರಿಗೆ ಹೋಯಿತು. ಊರಿನ ಪಬ್ಬು ಎರಡು ಸಲ ಹೋಗಿ, ಈಗ ಮೂರನೆಯ ಕಟ್ಟಡದಲ್ಲಿ ಅದೇ ಹೆಸರಿನಲ್ಲಿ ಬಿಯರ್ ಸುರಿಯುತ್ತಿದೆ. ಗಾರ್ಟನ್ ದಂಪತಿ ಮನೆ ಕೊಂಡಾಗ ಸಮುದ್ರಕ್ಕೂ ಅವರಿಗೂ ನಡುವೆ ಮೂರು ಮನೆ, ಒಂದು ಆಲೂಗಡ್ಡೆ ಹೊಲ ಇದ್ದವು. ಈಗ ಹಿತ್ತಲು ಮಾತ್ರ ಉಳಿದಿತ್ತು. ನಾರ್ಮನ್ ಪೆದ್ದನಲ್ಲ. ಪ್ರತಿ ಈಸ್ಟರಿಗೆ ದರೆಯಂಚಿನಿಂದ ಹೆಜ್ಜೆ ಅಳೆದು, ಡಬ್ಬವನ್ನೂ ಗಿಡವನ್ನೂ ಕಿತ್ತು ಮನೆಯ ಕಡೆಗೆ ಸರಿಸಿ ನೆಡುತ್ತಿದ್ದ. ರೂಬಾರ್ಬಿಗೆ ಜಾಗ ಬದಲಿಸುವುದು ಒಳ್ಳೆಯದು ಎಂದು ಬೆರಿಲ್‌ಗೆ ಹೇಳುತ್ತಿದ್ದ. ಆದರೆ ಕಳೆದ ಈಸ್ಟರಿಗೆ ಸೊಂಟದ ಕೀಲು ಕೈಕೊಟ್ಟು ಅಗೆಯಲಾಗಲಿಲ್ಲ. ಚಳಿಗಾಲದಲ್ಲಿ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು. ಅಗೆಯುವುದಿರಲಿ, ಬೂಟಿನ ದಾರವನ್ನೂ ಬೆರಿಲ್ಲೇ ಕಟ್ಟಬೇಕಾಯಿತು.

ಫೆಬ್ರವರಿಯಲ್ಲಿ ಮೂರು ದಿನ ಈಶಾನ್ಯದ ಬಿರುಗಾಳಿ ಬೀಸಿತು. ನಾಲ್ಕನೆಯ ಬೆಳಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಹಿತ್ತಲಿನ ಅರ್ಧ ಭಾಗವಿರಲಿಲ್ಲ. ರೂಬಾರ್ಬೂ ಇರಲಿಲ್ಲ. ಹೋದರೆ ಹೋಗಲಿ, ಅದರ ಜಾಮು ತನಗೆಂದೂ ಸೇರಿದ್ದಿಲ್ಲ ಎಂದಳು ಬೆರಿಲ್. ನಾರ್ಮನ್ ಚಹಾ ಕುಡಿದ. ಎರಡನೆಯ ಲೋಟವನ್ನೂ ಕುಡಿದ.

ಬರೀ ನಾಣ್ಯ ಹೋಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಪಕ್ಕದ ಪೇಟೆಯ ಪುಟ್ಟ ಮ್ಯೂಸಿಯಂ ನೋಡಿಕೊಳ್ಳುವ ಮಿಸ್ ಹೆಲ್ಯರ್ ಅವನಿಗೆ ಒಂದು ಗಾಜಿನ ಪೆಟ್ಟಿಗೆ ಕೊಡುವುದಾಗಿ ಒಪ್ಪಿದ್ದಳು. ಜೂನ್ ತಿಂಗಳಿಗೆ, ಕಿಟಕಿಯ ಪಕ್ಕದ ಜಾಗ. ಮೇಲೆ ‘ನಾರ್ಮನ್ ಗಾರ್ಟನ್ ಸಂಗ್ರಹ’ ಎಂಬ ಹಲಗೆ. ಬಸ್ ಚಾಲಕನ ಹೆಸರನ್ನು ಯಾರೂ ಎಲ್ಲೂ ಬರೆಯುವುದಿಲ್ಲ. ಗಾರ್ಟನ್ ದಂಪತಿಗೆ ಮಕ್ಕಳಿಲ್ಲ. ಇನ್ನು ಹತ್ತು ವರ್ಷಕ್ಕೆ ಮನೆಯೂ ಇರುವುದಿಲ್ಲ. ಆ ಹಲಗೆ ಅವನಿಗೆ ಬೇಕಿತ್ತು, ನಾಚಿಕೆ ಬಿಟ್ಟು ಬೇಕಿತ್ತು. ಆ ದಿನಕ್ಕೆಂದು ಕೋಟನ್ನು ಆಗಲೇ ಡ್ರೈಕ್ಲೀನಿಗೆ ಕೊಟ್ಟು ತಂದಿದ್ದ.

ವೈದ್ಯರು ಬಗ್ಗಲು ಅನುಮತಿ ಕೊಟ್ಟ ದಿನವೇ ಊರುಗೋಲು, ಡಿಟೆಕ್ಟರು, ಕೈಸಲಿಕೆ ಹಿಡಿದು ದಂಡೆಗೆ ಇಳಿದ. ಒಮ್ಮೆ ಹುಡುಕಿದ್ದನ್ನು ಇನ್ನೊಮ್ಮೆ ಹುಡುಕುವುದು ಬೇಸರದ ಕೆಲಸ. ಡಬ್ಬ ಒಡೆದು ಸಾಮಾನು ಜೇಡಿಮಣ್ಣಿನ ಮುದ್ದೆಗಳ ನಡುವೆ ಅರ್ಧ ಮೈಲಿ ಚೆಲ್ಲಾಡಿತ್ತು. ಸಿಕ್ಕಿದಾಗ ಸಂತೋಷವಾಗುತ್ತಿರಲಿಲ್ಲ, ಇದು ಎಂಬತ್ತಮೂರರಲ್ಲಿ ಸಿಕ್ಕಿದ್ದು, ಇದು ಬೆರಿಲ್‌ಳ ಅಮ್ಮ ತೀರಿಕೊಂಡ ವಾರದ್ದು ಎಂದು ನೆನಪಾಗುತ್ತಿತ್ತು ಅಷ್ಟೆ. ಹತ್ತು ವಾರದಲ್ಲಿ ಹತ್ತೊಂಬತ್ತು ಸಿಕ್ಕವು.

ಉಳಿದವುಗಳಲ್ಲಿ ಕೆಲವು ರೆಗ್ ಪಿಕರಿಂಗ್‌ಗೆ ಸಿಗತೊಡಗಿದ್ದವು. ರೆಗ್ ಹಿಂದೆ ಮೀನಿನ ಅಂಗಡಿ ಇಟ್ಟಿದ್ದವನು, ನಾರ್ಮನ್ ಇದ್ದ ಡಿಟೆಕ್ಟರ್ ಹವ್ಯಾಸಿಗಳ ಸಂಘದಲ್ಲೇ ಸದಸ್ಯ, ನಾಲ್ಕಿಂಚು ಆಳದಲ್ಲಿ ಸಿಕ್ಕಿದ್ದನ್ನು ಎಂಟು ಎನ್ನುವ ಆಸಾಮಿ. ನಾರ್ಮನ್‌ಗೆ ಅವನನ್ನು ಕಂಡರೆ ಇಪ್ಪತ್ತೆರಡು ವರ್ಷದಿಂದ ಆಗದು. ದೂರದಲ್ಲಿ ರೆಗ್ ಮಂಡಿಯೂರಿದಾಗಲೆಲ್ಲ ಇವನು ತನ್ನ ಡಿಟೆಕ್ಟರು ನಿಲ್ಲಿಸಿ, ಅಲ್ಲಿಗೆ ತನ್ನವು ಎಷ್ಟು ಹೋದವೆಂದು ಎಣಿಸುತ್ತಿದ್ದ. ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವುದಾದರೂ ಏನನ್ನು? ಜಾರುವ ದರೆಯ ಅಂಚಿನಲ್ಲಿ ನಿಧಿ ಹೂತಿಟ್ಟು ಕಳೆದುಕೊಂಡ ಮಹಾನುಭಾವನೆಂದು ಹಲ್‌ನಿಂದ ವಿಟ್ಬಿಯವರೆಗೆ ಪ್ರತಿ ಕ್ರಿಸ್‌ಮಸ್ ಊಟದಲ್ಲೂ ನಗುತ್ತಿದ್ದರು. ಆದ್ದರಿಂದ ಏನಾದರೂ ಸಿಕ್ಕಿತೇ ಎಂದು ಮಾತ್ರ ಕೇಳುತ್ತಿದ್ದ. ಬರೀ ತಗಡು ಎನ್ನುತ್ತಿದ್ದ ರೆಗ್. ತನಗೂ ಅಷ್ಟೇ ಎಂದು ಇವನೂ ಸುಳ್ಳು ಹೇಳುತ್ತಿದ್ದ. ಆ ಕಸುಬಿನಲ್ಲಿ ಅದು ಮರ್ಯಾದೆ.

ಮೇ ತಿಂಗಳ ಗುರುವಾರ ಸಂಜೆ ಹೊಸ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಸಂಘದ ಸಭೆ ನಡೆಯಿತು. ಹದಿನಾಲ್ಕು ಜನ ಸೇರಿದ್ದರು. ಸಿಕ್ಕಿದ ವಸ್ತುಗಳನ್ನು ನೋಡಿ ಬರೆದುಕೊಳ್ಳಲು ಮಿಸ್ ಹೆಲ್ಯರ್ ಬಂದಿದ್ದಳು. ರೆಗ್ ಒಂದು ತಟ್ಟೆಯ ಮೇಲಿನ ಬಟ್ಟೆ ಸರಿಸಿದ. ಮೂವತ್ನಾಲ್ಕು ತುಣುಕುಗಳಿದ್ದವು. ಅವನು ಅದಕ್ಕಾಗಲೇ ‘ಪಿಕರಿಂಗ್ ನಿಧಿ’ ಎಂದು ನಾಮಕರಣವನ್ನೂ ಮಾಡಿಯಾಗಿತ್ತು. ಅವುಗಳ ನಡುವೆ ಎರಡು ಕಡೆ ಬಗ್ಗಿಸಿದ ಒಂದು ಆರು ಪೆನ್ನಿ ನಾಣ್ಯವಿತ್ತು. ಹಿಂದಿನ ಕಾಲದ ಹುಡುಗರು ಒಲಿದ ಹುಡುಗಿಗೆ ಹಾಗೆ ಬಗ್ಗಿಸಿ ಕೊಡುತ್ತಿದ್ದರು. ಎಂಬತ್ತಮೂರರಲ್ಲಿ ನಾರ್ಮನ್ ಅದನ್ನು ತಂದು ಕೊಟ್ಟಾಗ, ನೆಟ್ಟಗೆ ಮಾಡಿ ತಾ ಎಂದಿದ್ದಳು ಬೆರಿಲ್.

ಮಿಸ್ ಹೆಲ್ಯರ್ ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿದಳು. ತುಂಬ ಹೊತ್ತು ನೋಡಿದಳು.

“ಇವುಗಳ ಮಧ್ಯೆ ಸಾವಿರದ ಆರುನೂರು ವರ್ಷ ಅಂತರ ಇದೆ ಮಿಸ್ಟರ್ ಪಿಕರಿಂಗ್,” ಎಂದಳು. “ಮೇಲೆ ಮೇಣ ಹಚ್ಚಿದೆ. ಈಗಿನ ಅಂಗಡಿ ಮೇಣ. ಯಾರೋ ಕೂಡಿಟ್ಟಿದ್ದು ಇವು. ದಂಡೇಲಿ ಸಿಕ್ತು ಅಂತ ನಾನು ಬರ್ಕೊಳ್ಳೋಕೆ ಆಗಲ್ಲ.”

ರೆಗ್ ಎಲ್ಲೋ ಕೊಂಡು ತಂದಿದ್ದಾನೆ ಎಂದೇ ಎಲ್ಲರೂ ತಿಳಿದರು. ಆ ಸಂಘದಲ್ಲಿ ಕುಡಿದು ಬಂದರೆ ಕ್ಷಮೆಯುಂಟು, ಚಂದಾ ಕೊಡದಿದ್ದರೂ ಉಂಟು. ಕೊಂಡ ನಾಣ್ಯವನ್ನು ಸಿಕ್ಕಿದ್ದೆಂದು ತೋರಿಸಿದವನಿಗೆ ಇಲ್ಲ. ಆರು ವರ್ಷದ ಹಿಂದೆ ಹಾಗೆ ಮಾಡಿದವನೊಬ್ಬ ಈಗ ಗಾಲ್ಫ್ ಆಡುತ್ತಾನಂತೆ, ಅವನ ಹೆಸರನ್ನು ಯಾರೂ ಎತ್ತುವುದಿಲ್ಲ.

“ಎಲ್ಲಿ ಕೊಂಡ್ಕೊಂಡೆ ರೆಗ್?” ಎಂದ ಅಧ್ಯಕ್ಷ ವಾಲ್ಟರ್, ದನಿ ಏರಿಸದೆ.

“ಕೊಂಡಿಲ್ಲ ಕಣಯ್ಯ. ಮಂಡಿ ಊರಿ ತೆಗ್ದಿದೀನಿ ಒಂದೊಂದನ್ನೂ.” ರೆಗ್‌ನ ಮುಖ ಕೆಂಪಾಗಿ, ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಸುತ್ತ ನೋಡಿದ. ಯಾರೂ ಅವನ ಕಡೆ ನೋಡಲಿಲ್ಲ. “ನಾರ್ಮನ್, ನೀನು ದಿನಾ ಅಲ್ಲೇ ಇದ್ಯಲ್ಲ. ಹೇಳಯ್ಯ ಇವರಿಗೆ.”

ನಾರ್ಮನ್‌ಗೆ ಒಂದು ಕ್ಷಣ ಹಾಯೆನಿಸಿತು. ಇದನ್ನು ಮುಚ್ಚಿಡುವುದೇಕೆ, ಅವನೇ ಆಮೇಲೆ ಒಪ್ಪಿಕೊಂಡ. ಬಾಯಿ ಮುಚ್ಚಿಕೊಂಡಿದ್ದರೆ ರೆಗ್ ತೊಲಗುತ್ತಿದ್ದ, ತನ್ನ ಮಾನ ಉಳಿಯುತ್ತಿತ್ತು, ಹತ್ತೊಂಬತ್ತು ನಾಣ್ಯ ಇಟ್ಟುಕೊಂಡಾದರೂ ಪೆಟ್ಟಿಗೆ ತೆರೆಯಬಹುದಿತ್ತು. ಆ ಕ್ಷಣ ಕಳೆದ ಮೇಲೆ ಮೇಜು ಹಿಡಿದು, ಹೊಸ ಸೊಂಟವನ್ನು ನಿಧಾನವಾಗಿ ಎತ್ತಿ ನಿಂತ.

“ಅವು ನನ್ನವು,” ಎಂದ.

ಡಬ್ಬ, ರೂಬಾರ್ಬು, ಈಸ್ಟರು, ಸೊಂಟ ಎಲ್ಲ ಹೇಳಿದ. ಸುಳ್ಳಲ್ಲವೆನ್ನಲು ಜೇಬಿನಿಂದ ತನ್ನ ಹತ್ತೊಂಬತ್ತನ್ನು ತೆಗೆದು ತಟ್ಟೆಯ ಪಕ್ಕ ಸುರಿದ. ಅದೇ ಮೇಣ. ಹೇಳಿ ಮುಗಿಸಿ, ನಗು ಶುರುವಾಗಲೆಂದು ಕಾದ.

“ಎಷ್ಟು ಆಳ?” ಎಂದ ವಾಲ್ಟರ್.

“ಹದಿನೆಂಟು ಇಂಚು.”

ವಾಲ್ಟರ್ ಅಷ್ಟು ಸಾಕಲ್ಲವೇ ಎಂಬಂತೆ ತಲೆಯಾಡಿಸಿ ನೆಲ ನೋಡಿದ. ಯಾರೂ ನಗಲಿಲ್ಲ. ಒಬ್ಬ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಇನ್ನೊಬ್ಬ, ಪ್ಲಾಸ್ಟಿಕ್ಕಿನೊಳಗೆ ತೇವ ಹೋಗಿತ್ತೇ ಎಂದು ಹುಷಾರಾಗಿ ವಿಚಾರಿಸಿದ. ಮೂರನೆಯವನಿಗೆ ದರೆಯಂಚಿನಿಂದ ಸರಿಯಾಗಿ ಎಷ್ಟು ಹೆಜ್ಜೆಯಿತ್ತೆಂದು ತಿಳಿಯಬೇಕಿತ್ತು. ಆ ದಿನ ಸಭೆ ಅರ್ಧ ಗಂಟೆ ಮೊದಲೇ ಮುಗಿಯಿತು, ಚಹಾ ಹಾಗೇ ಉಳಿಯಿತು. ಮರುದಿನ ಬ್ರೆಡ್ಡಿನ ಅಂಗಡಿಯಿಂದ ಬೆರಿಲ್ ತಂದ ಸುದ್ದಿಯೆಂದರೆ, ಊರಿನಲ್ಲಿ ಸಂಘದವರ ಐದು ಹಿತ್ತಲು ಹೊಸದಾಗಿ ಅಗೆದಿವೆ, ಯಾರೂ ಏನನ್ನೂ ನೆಟ್ಟಿಲ್ಲ.

ರೆಗ್ ಮಾತ್ರ ಅಂದು ಹೋಗದೆ ಉಳಿದಿದ್ದ. ತಟ್ಟೆಯನ್ನು ನಾರ್ಮನ್‌ನ ಕಡೆಗೆ ತಳ್ಳಿದ. ದಂಡೆಯಲ್ಲಿ ಸಿಕ್ಕಿದ್ದು ಸಿಕ್ಕಿದವನದ್ದು ಎಂಬ ನಿಯಮವಿದೆಯೆಂದು ನಾರ್ಮನ್ ಹಿಂದಕ್ಕೆ ತಳ್ಳಿದ.

“ನಿಯಮ ಸುಟ್ಟು ಹೋಗ್ಲಿ,” ಎಂದ ರೆಗ್.

“ಅದನ್ನ ಬರ್ದೋನು ನೀನೇ,” ಎಂದ ನಾರ್ಮನ್.

ಅದು ನಿಜವೇ. ತಟ್ಟೆ ಹಾಗೆ ಹಿಂದೆ ಮುಂದೆ ಓಡಾಡುತ್ತಿದ್ದಾಗ ಮಿಸ್ ಹೆಲ್ಯರ್ ಅದನ್ನೆತ್ತಿ, ಹತ್ತೊಂಬತ್ತನ್ನೂ ಅದಕ್ಕೆ ಸೇರಿಸಿ, ರಸೀದಿ ಬರೆದು ತನ್ನ ಕಾರಿಗೆ ಇಟ್ಟುಕೊಂಡಳು.

ಮನೆಗೆ ಹೋಗಿ ನಾರ್ಮನ್ ಹೆಂಡತಿಗೂ ಹೇಳಿದ. “ಆ ಬ್ಯಾಂಕು ಮುಚ್ಚಿ ಒಂಬತ್ತು ವರ್ಷ ಆಯ್ತು ಮಾರಾಯ,” ಎಂದಳು ಬೆರಿಲ್. “ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ.”

ಜೂನಿನಲ್ಲಿ ಪೆಟ್ಟಿಗೆ ತೆರೆಯಿತು. ನಾರ್ಮನ್ ಕೋಟು ತೊಟ್ಟು ಹೋದ. ‘ನಾರ್ಮನ್ ಗಾರ್ಟನ್ ಸಂಗ್ರಹ’ ಎಂಬ ಹಲಗೆಯಿರಲಿಲ್ಲ. ಇನ್ನೂರ ಹನ್ನೆರಡರಲ್ಲಿ ಐವತ್ಮೂರು ಉಳಿದರೆ ಅದನ್ನು ಸಂಗ್ರಹವೆನ್ನಲು ಅವನಿಗೇ ಮನಸ್ಸಿರಲಿಲ್ಲ. ಗಾಜಿನೊಳಗೆ ಒಂದು ಚೀಟಿಯಿತ್ತು. ಪತ್ತೆ ಮಾಡಿದವರು: ಎನ್. ಗಾರ್ಟನ್. ಮತ್ತೆ ಪತ್ತೆ ಮಾಡಿದವರು: ಆರ್. ಪಿಕರಿಂಗ್, ಎನ್. ಗಾರ್ಟನ್. ಅದರ ಕೆಳಗೆ ಇನ್ನೊಂದು ಸಾಲು. ಕಳೆದುಕೊಂಡವರು: ಎನ್. ಗಾರ್ಟನ್, ಕಿಲ್‌ಥಾರ್ಪ್.

ನಾರ್ಮನ್‌ನ ಕಿವಿ ಬಿಸಿಯಾಯಿತು. ಯಾವ ನಗೆಪಾಟಲಿಗೆ ಹೆದರಿದ್ದನೋ ಅದನ್ನು ಅಚ್ಚು ಹಾಕಿಸಿ ಗಾಜಿನಲ್ಲಿಟ್ಟಿದ್ದರು. ಆ ಕೊನೆಯ ಸಾಲು ಬೇಕಿತ್ತೇ ಎಂದು ಮಿಸ್ ಹೆಲ್ಯರ್‌ಳನ್ನು ಕೇಳಿದ.

“ಇಲ್ಲಿ ನಾಲ್ಕು ಸಾವಿರ ವಸ್ತು ಇದೆ ಮಿಸ್ಟರ್ ಗಾರ್ಟನ್,” ಎಂದಳು ಅವಳು. “ಎಲ್ಲಾ ಯಾರೋ ಕಳ್ಕೊಂಡಿದ್ದೇ. ಯಾರು ಅಂತ ಗೊತ್ತಿರೋದು ಇದೊಂದೇ.”

ಅವನು ಉಳಿದ ಪೆಟ್ಟಿಗೆಗಳನ್ನು ನೋಡಿದ. ಬಕಲು, ಉಂಗುರ, ಹೊಲಿಗೆಯ ಬೆರಳುಟೊಪ್ಪಿ. ನಲವತ್ತು ವರ್ಷ ನೆಲದಿಂದ ಎತ್ತುತ್ತಲೇ ಬಂದಿದ್ದ, ಕಳೆದುಕೊಂಡವರು ಎಷ್ಟು ದಿನ ಹುಡುಕಿದ್ದರೆಂದು ಒಂದು ಸಲವೂ ಯೋಚಿಸಿರಲಿಲ್ಲ. ಹತ್ತು ವಾರ ಹುಡುಕುವುದೆಂದರೆ ಏನೆಂಬುದು ಈಗ ಅವನಿಗೆ ಗೊತ್ತಿತ್ತು. ಅವರೆಲ್ಲರ ಮೇಲೆ ಅಯ್ಯೋ ಅನಿಸಿತು, ಕಣ್ಣು ತುಂಬಿತು, ಅವರ ಪೈಕಿ ತಾನೊಬ್ಬನಾದರೂ ಹೆಸರು ಹೇಳಿಕೊಂಡೆನಲ್ಲ ಎಂದು ಹೆಮ್ಮೆಯೂ ಆಯಿತು. ಬಸ್ಸಿಗೆ ಹೊತ್ತಾಯಿತು ಎಂದು ಬೆರಿಲ್ ತೋಳು ಹಿಡಿದಳು. ಇನ್ನೊಂದು ಸಲ ಓದಿ ಬರುತ್ತೇನೆ ಎಂದ ನಾರ್ಮನ್.